ಹನ್ನೊಂದು ಕಿಲೋಮೀಟರ್

ಬ್ಯಾಟರಿ ಸಾಯಬಹುದಿತ್ತು. ಎರಡು ತಿಂಗಳು ನಿಂತಲ್ಲೇ ನಿಂತು ಟಯರುಗಳು ಚಪ್ಪಟೆಯಾಗಬಹುದಿತ್ತು. ನಲವತ್ತೆಂಟು ಡಿಗ್ರಿ ಬಿಸಿಲಿಗೆ ಡ್ಯಾಶ್‌ಬೋರ್ಡು ಹಪ್ಪಳದ ಹಾಗೆ ಸೆಟೆದುಕೊಳ್ಳಬಹುದಿತ್ತು. ಬಿಲ್ಡಿಂಗಿನ ಬೆಕ್ಕು ಬಾನೆಟ್ಟಿನೊಳಗೆ ಹೊಕ್ಕು ಬಾಣಂತನ ಮಾಡಿಕೊಳ್ಳಬಹುದಿತ್ತು. ಧೂಳು ಹೊದ್ದು ನಿಂತ ಗಾಡಿಯನ್ನು ಕಂಡ ಮುನ್ಸಿಪಾಲಿಟಿಯವರು, ಇದಕ್ಕೆ ಹೇಳುವವರು ಕೇಳುವವರು ಇಲ್ಲ ಎಂದು ನೋಟೀಸು ಅಂಟಿಸಿ ಎಳೆದುಕೊಂಡು ಹೋಗಬಹುದಿತ್ತು. ಮೂರನೆಯ ಮಹಡಿಯ ಏಸಿ ಕಳಚಿ ಸರಿಯಾಗಿ ನಮ್ಮ ಕಾರಿನ ಮೇಲೆಯೇ ಬೀಳಬಹುದಿತ್ತು. ಈ ಏಸಿಯ ವಿಚಾರವನ್ನು ನಾನು ವಿಮಾನದಲ್ಲಿ ಕುಳಿತ ಮೇಲೆ ಯೋಚಿಸಿದ್ದು. ಆಗ ಇಳಿಯಲು ಬಿಡಲಿಲ್ಲ.

ಶಾಲೆಗೆ ಬೇಸಿಗೆ ರಜೆ ಸಿಕ್ಕಿದ ಕೂಡಲೇ ಅಬುಧಾಬಿಯ ನಮ್ಮಂಥವರು ಊರಿಗೆ ಹೊರಡುತ್ತಾರೆ. ಎಲ್ಲರೂ ಪೆಟ್ಟಿಗೆ ಕಟ್ಟಿದರೆ ನಾನು ಕಾರು ಕಟ್ಟುತ್ತೇನೆ. ನಿಲ್ಲಿಸಿಟ್ಟ ಕಾರನ್ನು ಕಾಪಾಡುವುದು ಹೇಗೆಂದು ಯೂಟ್ಯೂಬಿನಲ್ಲಿ ಹುಡುಕಿದರೆ ಸಿಗುವುದೆಲ್ಲ ಹಿಮ ಬೀಳುವ ದೇಶದವರ ಉಪದೇಶ. ಉಣ್ಣೆ ಟೊಪ್ಪಿ ಹಾಕಿದ ಗಡ್ಡದ ಮನುಷ್ಯನೊಬ್ಬ ಚಳಿಗಾಲದ ನಾಲ್ಕು ತಿಂಗಳು ಕಾರನ್ನು ಮಲಗಿಸುವ ವಿಧಾನ ತೋರಿಸುತ್ತಿದ್ದ. ಹೊರಗೆ ಬಿಸಿಗಾಳಿ ಕಿಟಕಿ ಬಡಿಯುತ್ತಿರುವಾಗ ನಾನು ಅದನ್ನು ಎರಡು ಸಲ ನೋಡಿ ಟಿಪ್ಪಣಿ ಮಾಡಿಕೊಂಡೆ. ಟ್ಯಾಂಕ್ ತುಂಬಿಸಿ, ಟಯರಿಗೆ ಗಾಳಿ ತುಸು ಜಾಸ್ತಿ ಹೊಡೆಸಿ, ಇಲಿ ಬಾರದಂತೆ ನುಸಿಗುಳಿಗೆ ಇಡಿ ಎಂದ. ನುಸಿಗುಳಿಗೆಯ ಪೊಟ್ಟಣ ಹಿಡಿದು ಹೊರಟವನನ್ನು ಹೆಂಡತಿ ಸುಮತಿ ಬಾಗಿಲಲ್ಲೇ ತಡೆದಳು.

"ನಿಮ್ಮ ಮಂಡೆ ಸಮ ಉಂಟಾ? ಅದೆಂತ ಸೀರೆ ಇಡುವ ಕಪಾಟಾ?"

"ಪಪ್ಪಾ, ಇಟ್ಸ್ ಜಸ್ಟ್ ಎ ಕಾರ್" ಎಂದಳು ಮಗಳು, ಫೋನಿನಿಂದ ತಲೆಯೆತ್ತದೆ.

ಜಸ್ಟ್ ಎ ಕಾರ್ ಅಲ್ಲ. ಮೂರು ಸಲ ಲೈಸೆನ್ಸ್ ಟೆಸ್ಟಿನಲ್ಲಿ ಫೇಲಾಗಿ ನಾಲ್ಕನೆಯ ಸಲ ಪಾಸಾದವನ ಕಾರು. ಹಾಗಾಗಿ ಅದರ ಬೀಗದ ಕೈಯನ್ನು ಇನ್ನೊಬ್ಬರಿಗೆ ಕೊಡುವುದು ನನಗೆ ಸುಲಭದ ಮಾತಲ್ಲ. ಆದರೆ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಗಾಜು ಒರೆಸಲು ಯಾರಾದರೂ ಬೇಕಲ್ಲ? ಮೇಲಿನ ಮಹಡಿಯ ವಿಲ್ಸನ್ ಇದ್ದರು. ಆಸ್ಪತ್ರೆಯೊಂದರ ಕಚೇರಿಯಲ್ಲಿ ಕೆಲಸ. ನಮ್ಮೂರ ಕಡೆ ಕ್ರೈಸ್ತರನ್ನು ಕರೆಯುವ ರೂಢಿಯಂತೆ ನಾನು ಅವರನ್ನು ಪೊರ್ಬುಗಳು ಎನ್ನುತ್ತೇನೆ, ಅವರು ನನ್ನನ್ನು ಶೆಟ್ರು ಎನ್ನುತ್ತಾರೆ. ಖಾಲಿದಿಯಾ ಬಡಾವಣೆಯ ಈ ಬಿಲ್ಡಿಂಗಿನಲ್ಲಿ ಹದಿನಾಲ್ಕು ವರ್ಷದ ಸ್ನೇಹ. ನನ್ನ ಅಪೆಂಡಿಕ್ಸ್ ಒಡೆದಾಗ ಎತ್ತಿಕೊಂಡು ಹೋದವರು ಅವರೇ. ಜೀವ ನಂಬಿ ಕೊಟ್ಟಿದ್ದೆ, ಕಾರಿನ ವಿಷಯ ಬೇರೆ. ಅವರ ಬಳಿ ಲೈಸೆನ್ಸ್ ಇದೆ, ಕಾರಿಲ್ಲ. ಹೀಗಿರುವವರ ಕೈಗೆ ಕೀ ಕೊಡುವಾಗ ಯಾರಿಗಾದರೂ ಎದೆ ಡವಗುಟ್ಟದೆ ಇರುತ್ತದೆಯೇ?

ಅದಕ್ಕೇ ಹೊರಡುವ ದಿನ ಬೆಳಿಗ್ಗೆ ಎದ್ದ ಕೂಡಲೇ ಕೆಳಗಿಳಿದು, ಎಷ್ಟು ಕಿಲೋಮೀಟರ್ ಓಡಿದೆ ಎಂದು ಮೀಟರ್ ನೋಡಿ ಚೀಟಿಯಲ್ಲಿ ಬರೆದೆ: 142386. ಚೀಟಿಯನ್ನು ಡ್ರೈವರ್ ಪಕ್ಕದ ಸೀಟಿನ ಸನ್‌ವೈಸರಿನ ಸಂದಿಗೆ ಸೇರಿಸಿದೆ. ಆಮೇಲೆ ಪೆಟ್ರೋಲಿಗೂ ಗಾಳಿಗೂ ಹೋಗಿಬಂದೆ. ಹತ್ತಿರದ ಪಂಪಿನ ಗಾಳಿ ಯಂತ್ರದ ಮೇಲೆ ನನಗೆ ವಿಶ್ವಾಸವಿಲ್ಲ, ದೂರದ್ದಕ್ಕೇ ಹೋಗುವುದು; ಇದು ಪೊರ್ಬುಗಳಿಗೂ ಗೊತ್ತು. ಬಂದು ಕಾರು ನಿಲ್ಲಿಸಿ ಕೀ ಒಪ್ಪಿಸಿದೆ.

"ಹೆದರಬೇಡಿ ಶೆಟ್ರೇ, ಮಗುವಿನ ಹಾಗೆ ನೋಡಿಕೊಳ್ತೇನೆ" ಎಂದರು ಪೊರ್ಬುಗಳು.

"ಮಗುವನ್ನು ಹೊರಗೆ ತಿರುಗಾಡಿಸುವುದೇನೂ ಬೇಡ" ಎಂದೆ.

ಮಾತಿನಂತೆ ಪ್ರತಿ ಶನಿವಾರ ಅವರಿಂದ ವಾಟ್ಸಾಪಿನಲ್ಲಿ ಇಂಜಿನ್ನಿನ ಸದ್ದು ಬರುತ್ತಿತ್ತು. ಉಡುಪಿಯಲ್ಲಿ ನಾನು ಅದನ್ನು ಕಿವಿಗಿಟ್ಟುಕೊಂಡು ಕೇಳುತ್ತಿದ್ದರೆ ನಮ್ಮ ಅತ್ತೆ, "ಅಳಿಯಂದಿರಿಗೆ ಎಂತ, ಕಿವಿ ನೋವಾ?" ಎಂದು ಸುಮತಿಯನ್ನು ವಿಚಾರಿಸಿದರಂತೆ.

ಸೆಪ್ಟೆಂಬರಿಗೆ ಮೊದಲು ಹಿಂದಿರುಗಿದೆವು. ಸೂಟ್‌ಕೇಸು ಲಿಫ್ಟಿನ ಬಳಿ ಬಿಟ್ಟು ಮೊದಲು ಕಾರಿನ ಬಳಿಗೆ ಓಡಿದೆ. ಗಾಜು ಫಳಫಳ. ಟಯರು ಗುಂಡಗೆ. ಬೆಕ್ಕು ಬೇರೆಡೆ ಹೆತ್ತಿತ್ತು. ಕೀ ತಿರುಗಿಸಿದ ಮೊದಲ ಸಲಕ್ಕೇ ಸ್ಟಾರ್ಟ್. ಮೀಟರ್ ನೋಡಿದೆ: 142397.

ಎರಡು ತಿಂಗಳು ಆ ಹಳೆಯ ಅಂಕಿಯನ್ನು ರಾಮನಾಮದಂತೆ ಜಪಿಸಿದವನು ನಾನು. ಹನ್ನೊಂದು ಕಿಲೋಮೀಟರ್! ಹೋಗಲು ಐದೂವರೆ, ಬರಲು ಐದೂವರೆ. ಅಷ್ಟು ದೂರದಲ್ಲಿ ಏನಿದೆ? ಮೀನು ಮಾರ್ಕೆಟ್ಟಿದೆ. ಡಿಕ್ಕಿ ತೆಗೆದು ತಲೆ ಒಳಗೆ ತೂರಿಸಿ ಮೂಸಿದೆ. ಸಂಶಯಕ್ಕೆ ಮೂಗು ಬಹಳ ಚುರುಕು. ಮೊದಲ ಸಲ ರಬ್ಬರಿನ ವಾಸನೆ, ಎರಡನೆಯ ಸಲ ಬಂಗುಡೆ, ಮೂರನೆಯ ಸಲಕ್ಕೆ ಅಂಜಲ್ ಕೂಡ ಬಂತು.

ಪೊರ್ಬುಗಳಿಗೆಂದು ಅತ್ತೆ ಎರಡು ಪ್ಯಾಕೆಟ್ ಹಲಸಿನ ಹಪ್ಪಳ ಕಟ್ಟಿಕೊಟ್ಟಿದ್ದರು. ಒಂದನ್ನು ಮಾತ್ರ ಕೊಂಡೊಯ್ದೆ.

"ಕಾರು ಎಲ್ಲಿಗೂ ಹೋಗಲಿಲ್ಲವಷ್ಟೆ?" ಎಂದು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೇಳಿದೆ.

"ಅದು ಎಲ್ಲಿಗೆ ಹೋಗ್ತದೆ ಮಾರಾಯ್ರೆ, ಡ್ರೈವರ್ ಊರಲ್ಲಿರುವಾಗ?" ಎಂದು ನಕ್ಕು, ನನ್ನ ಕೈಗೆ ಚಹಾ ಕೊಟ್ಟರು. ಕುಡಿದೆ, ಆದರೆ ಮನಸ್ಸಿಟ್ಟು ಕುಡಿಯಲಿಲ್ಲ.

ಒಂದು ವಾರ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೆ, ಅವರು ಎದುರಾಗದಿರಲೆಂದು. ಹದಿನಾಲ್ಕು ವರ್ಷದ ಸ್ನೇಹ, ಮೊಣಕಾಲು, ಎರಡೂ ನೋಯತೊಡಗಿದವು. ಉಳಿಸಿಕೊಂಡ ಪ್ಯಾಕೆಟ್ಟನ್ನು ಒಡೆದು ನಾಲ್ಕು ಹಪ್ಪಳ ಕರಿಸಿಕೊಂಡು ತಿಂದೆ. ಸಿಟ್ಟಿನಲ್ಲಿ ತಿಂದದ್ದರಿಂದ ರುಚಿ ತಿಳಿಯಲಿಲ್ಲ.

ಶನಿವಾರ ಹಮ್ದಾನ್ ಸ್ಟ್ರೀಟಿಗೆ ಹೊರಟಿದ್ದೆವು. ಬಿಸಿಲು ಕಣ್ಣಿಗೆ ಹೊಡೆಯಿತೆಂದು ಪಕ್ಕದಲ್ಲಿದ್ದ ಸುಮತಿ ಸನ್‌ವೈಸರ್ ಇಳಿಸಿದಳು. ಚೀಟಿ ಅವಳ ಮಡಿಲಿಗೆ ಬಿತ್ತು.

"ಇದೆಂತ, ಮೇಲೆ ನಿಮ್ಮ ಅಕ್ಷರ? ಕೆಳಗೆ ಬೇರೆಯವರದ್ದು?"

ಸಿಗ್ನಲ್ಲಿನಲ್ಲಿ ಇಸಿದುಕೊಂಡು ನೋಡಿದೆ. ನನ್ನ 142386ರ ಕೆಳಗೆ, ಆಸ್ಪತ್ರೆಯಲ್ಲಿ ರೋಗಿಯ ಜ್ವರ ಬರೆದಿಡುವ ಅಚ್ಚುಕಟ್ಟಿನಲ್ಲಿ, ಒಂಬತ್ತು ಶನಿವಾರಗಳು. ಪ್ರತಿಯೊಂದರ ಮುಂದೆ 142397, ಪಕ್ಕದಲ್ಲಿ ಪೊರ್ಬುಗಳ ಸಹಿ. ಮೊದಲ ಶನಿವಾರವೂ ಅದೇ ಅಂಕಿ, ಕೊನೆಯ ಶನಿವಾರವೂ ಅದೇ ಅಂಕಿ. ಹಿಂದಿನವರು ಹಾರ್ನ್ ಬಾರಿಸಿದಾಗ ನನಗೆ, ಅಂಕಿ ಬರೆದಾದ ಮೇಲೆ ಹೋಗಿಬಂದ ದೂರದ ಪಂಪು ನೆನಪಾಯಿತು.

"ನೀವು ಪೊರ್ಬುಗಳ ಮೇಲೆ ಸಂಶಯಪಟ್ರಾ?" ಎಂದಳು ಸುಮತಿ.

ನಾನು ರಸ್ತೆಯ ಕಡೆ ಅಪಾರ ಗಮನ ಕೊಟ್ಟೆ.

ಮನೆಗೆ ಬಂದವನೇ ಎರಡನೆಯ ಪ್ಯಾಕೆಟ್ಟಿನ ಬಾಯಿಗೆ ಸ್ಟೇಪಲ್ ಪಿನ್ ಹೊಡೆದು ಮೇಲಿನ ಮಹಡಿಗೆ ಹೋದೆ. ಪೊರ್ಬುಗಳು ಬಾಗಿಲು ತೆರೆದರು.

"ಎಂತ ಶೆಟ್ರೇ, ಇನ್ನೊಂದಾ?"

"ಆವತ್ತು ಕೊಡ್ಲಿಕ್ಕೆ ಮರೆತುಹೋಯ್ತು."

"ಮರೆವು ನಿಮಗೆ ಸ್ವಲ್ಪ ಉಂಟು" ಎಂದು ಅವರು ಪ್ಯಾಕೆಟ್ ತೆಗೆದುಕೊಂಡು, ನನ್ನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು, "ಆ ದೂರದ ಪಂಪಿನ ಗಾಳಿ ಒಳ್ಳೆದುಂಟಾ?"

ಒಳ್ಳೆದುಂಟು ಎಂದೆ.

ಹೀಗೆ ಬ್ಯಾಟರಿ, ಟಯರು, ಬೆಕ್ಕು, ಮುನ್ಸಿಪಾಲಿಟಿ, ಏಸಿ, ಯಾವುದರಿಂದಲೂ ಏನೂ ಆಗಲಿಲ್ಲ. ಮೆಟ್ಟಿಲಿಳಿಯುವಾಗ ನೆನಪಾದದ್ದು ಒಂದೇ. ಪ್ಯಾಕೆಟ್ಟಿನ ಮೇಲೆ ಅತ್ತೆ ದಪ್ಪ ಅಕ್ಷರದಲ್ಲಿ 'ಇಪ್ಪತ್ತೈದು' ಎಂದು ಬರೆದಿದ್ದರು. ಒಳಗಿರುವುದು ಇಪ್ಪತ್ತೊಂದು. ಪೊರ್ಬುಗಳು ಎಣಿಸುವವರಲ್ಲ, ಅದು ನನಗೆ ಗೊತ್ತು. ಆದರೂ ಈಗ ನಿದ್ದೆ ಬರುತ್ತಿಲ್ಲ.