ಎಡಗೈ ಹೆಬ್ಬೆರಳಿನ ಅಪೀಲು

ಜನ ಆಸ್ತಿಗಾಗಿ ಕೋರ್ಟಿಗೆ ಹೋಗುತ್ತಾರೆ, ಹೆಂಡತಿಯ ಮೇಲೆ ಕೇಸು ಹಾಕಲು ಹೋಗುತ್ತಾರೆ. ನನಗೆ ಎರಡೂ ಇಲ್ಲದ್ದರಿಂದ ಅಕ್ಷರಗಳಿಗಾಗಿ ಹೋದೆ. ಹಿಂದೂಪುರದಲ್ಲಿ ಬಹಳ ವರ್ಷ ಟೈಪಿಂಗ್ ಕಲಿಸಿದವನು ನಾನು. ಕಲಿಯುವವರು ನಿಂತುಹೋದ ಮೇಲೂ ದಿನಾ ಹತ್ತಕ್ಕೆ ಬಾಗಿಲು ತೆರೆದು, ಮಿಷನ್ನುಗಳ ಧೂಳು ಒರೆಸಿ, ಅವುಗಳೆದುರು ಮೇಷ್ಟರ ಗತ್ತಿನಲ್ಲೇ ಕೂರುತ್ತೇನೆ. ಈಗಿನಷ್ಟು ಶಿಸ್ತಿನ ತರಗತಿ ಹಿಂದೆಂದೂ ಇರಲಿಲ್ಲ.

ನನ್ನ ಜೊತೆ ದಿನಾ ಮಾತಾಡುತ್ತಿದ್ದವಳು ಕಲ್ಯಾಣದುರ್ಗದಲ್ಲಿರುವ ತಂಗಿ ರತ್ನ ಒಬ್ಬಳೇ. ಲಕ್ವ ಹೊಡೆದು ಅವಳ ಬಲಗೈ ಬಿದ್ದುಹೋಯಿತು, ಮಾತು ತೊದಲತೊಡಗಿತು, ಫೋನೂ ನಿಂತಿತು. ಆಗ ಅವಳಿಗೆಂದು ಫೋನಿಗೆ ಸಿಕ್ಕಿಸುವ ಪುಟ್ಟ ಕೀಪ್ಯಾಡ್ ಮಾಡಿದೆ. ಕನ್ನಡ, ತೆಲುಗು ಎರಡರಲ್ಲೂ ಹೆಚ್ಚು ಬಳಸುವ ಅಕ್ಷರಗಳು ಎಡಗೈ ಹೆಬ್ಬೆರಳಿಗೆ ಎಟುಕುವಲ್ಲೇ ಇದ್ದವು. ಅವಳ ಮೆಸೇಜು ಬರತೊಡಗಿದಾಗ ಹೆಮ್ಮೆಯಿಂದ ನನ್ನ ತಲೆ ತಿರುಗಿತು. ಪೇಟೆಂಟಿಗೆ ಅರ್ಜಿ ಹಾಕಿದೆ. ಈ ಜೋಡಣೆ ಕಸುಬು ಬಲ್ಲ ಯಾರಿಗಾದರೂ ಹೊಳೆಯುವಂಥದ್ದು ಎಂದು ಅರ್ಜಿ ತಳ್ಳಿಹಾಕಿದರು. ಯಾರಿಗಾದರೂ ಹೊಳೆಯುವುದಾದರೆ ಆ ಯಾರಾದರೂ ಇಷ್ಟು ದಿನ ಎಲ್ಲಿದ್ದರು? ಸಿಟ್ಟಿನಲ್ಲಿ ಅಪೀಲು ಹೋದೆ.

ವಕೀಲರು ಒಂದು ಹೇಳಿಕೆ ತರಲು ಹೇಳಿದರು. ಕೀಪ್ಯಾಡ್ ಮೊದಲು ವಿಚಿತ್ರವೆನಿಸಿತು, ಕಲಿಯಲು ದಿನಗಟ್ಟಲೆ ಹಿಡಿಯಿತು ಎಂದು ಬಳಸಿದವರೇ ಬರೆದುಕೊಟ್ಟರೆ, ಇದು ಯಾರಿಗಾದರೂ ಹೊಳೆಯುವಂಥದ್ದಲ್ಲ ಎಂಬ ವಾದಕ್ಕೆ ಬಲ ಬರುತ್ತದಂತೆ. ಬಸ್ಸು ಹಿಡಿದು ಕಲ್ಯಾಣದುರ್ಗಕ್ಕೆ ಹೋದೆ. ರತ್ನ ಮುದ್ದೆ, ಹುರುಳಿ ಸಾರು ಬಡಿಸಿ, ಕಲಿಯಲು ಕಷ್ಟವಾಯಿತೇ ಎಂಬ ನನ್ನ ಪ್ರಶ್ನೆ ಕೇಳಿಸಿಕೊಂಡು, ಒಂದೊಂದೇ ಮಾತನ್ನು ಜೋಡಿಸಿ ಹೇಳಿದಳು.

"ಕಷ್ಟ ಯಾತರದಣ್ಣ? ಕೈಗ್ ಕೊಟ್ ತಕ್ಷಣ ತಿಳಿದ್ಬುಡ್ತು. ಅಲ್ಲಲ್ದೆ ಇನ್ನೆಲ್ಲಿಕ್ತಾರೆ ಅಕ್ಷರಾನ?"

ನನ್ನ ಜೀವಮಾನದಲ್ಲೇ ದೊಡ್ಡ ಹೊಗಳಿಕೆ ಅದು. ನನ್ನ ಕೇಸು ಸೋಲಲೂ ಅಷ್ಟೇ ಸಾಕಿತ್ತು. ನನ್ನ ಮುಖ ನೋಡಿ ಅವಳೇ, "ಕಷ್ಟ ಅಂತ್ಲೇ ಬರ್ಕೊ ಕಣಣ್ಣ, ಸೈನ್ ಹಾಕ್ತೀನಿ. ನೀನ್ ಗೆದ್ರೆ ಸಾಕು" ಎಂದಳು.

ಪೆನ್ನು ತೆಗೆದದ್ದು ನಿಜ. ಆದರೆ ಎಡಗೈಯಲ್ಲಿ ಹೊಸದಾಗಿ ಸಹಿ ಕಲಿತವಳಿಂದ ಮೊದಲ ಸುಳ್ಳಿಗೆ ಸಹಿ ಹಾಕಿಸಲು ಮನಸ್ಸಾಗಲಿಲ್ಲ. ಖಾಲಿ ಕಾಗದ ಮಡಿಸಿ ಜೇಬಿಗಿಟ್ಟು ಸಂಜೆಯ ಬಸ್ಸು ಹತ್ತಿದೆ.

ಅಪೀಲು ಬಿದ್ದುಹೋಯಿತು. ನನಗೆ ಹೊಳೆದದ್ದು ಯಾರಿಗಾದರೂ ಸಹಜವಾಗಿ ಹೊಳೆಯುತ್ತದೆ ಎಂದು ಕೋರ್ಟು ಸೀಲು ಹಾಕಿ ಹೇಳಿತು. ಇರಬಹುದು. ಆದರೆ ಎಲ್ಲರಿಗೂ ಇಷ್ಟು ಸುಲಭವಾಗಿ ಅರ್ಥವಾಗುವ ಮನುಷ್ಯನ ಮನೆಗೆ ಯಾರೂ ಯಾಕೆ ಬರುವುದಿಲ್ಲವೋ, ಅದಕ್ಕೆ ಅಪೀಲು ಎಲ್ಲಿ ಹಾಕಬೇಕೋ, ವಕೀಲರನ್ನು ಕೇಳಬೇಕು.