ಜುರೆಮಾಳ ನೀಲಿ ಪಟ್ಟಿ

ಮಂಗಳವಾರ ಸಂಜೆ ಐದು ಗಂಟೆ ಐವತ್ತೆರಡು ನಿಮಿಷಕ್ಕೆ ಎವರಾಲ್ಡೊ ಹಿತ್ತಲಿನ ಒಗೆಯುವ ತೊಟ್ಟಿಯ ಮುಂದೆ ನಿಂತು, ತೀರಿಹೋದ ಹೆಂಡತಿ ಜುರೆಮಾಳ ಜಿಯು-ಜಿತ್ಸು ಕುಸ್ತಿಯ ಸೊಂಟಪಟ್ಟಿಯನ್ನು ಬಕೆಟ್ಟಿನಿಂದ ಮೇಲೆತ್ತಿದ. ಪಟ್ಟಿ ಬಕೆಟ್ಟಿಗೆ ಇಳಿದದ್ದು ಐದು ಮೂವತ್ತೆರಡಕ್ಕೆ. ಆಗ ಅದು ನೀಲಿಯಾಗಿತ್ತು.

ಈಗ ಅದಕ್ಕೆ ನೀರು ಬೆರೆಸಿದ ಹಾಲಿನ ಬಣ್ಣ. ನಡುನಡುವೆ ಎರಡು ಮೂರು ಕಡೆ, ತಾನು ಹಿಂದೆ ನೀಲಿಯಾಗಿದ್ದೆ ಎಂದು ಸಾಕ್ಷಿ ಹೇಳುವಂತೆ ಒಂದೊಂದು ಕಲೆ ಉಳಿದಿತ್ತು. ತುದಿಯ ಕಪ್ಪು ಭಾಗ ಹಾಲು ಹೆಚ್ಚಾದ ಕಾಫಿಯಂತಾಗಿತ್ತು.

ತಪ್ಪು ಅಜಾಗರೂಕತೆಯಿಂದ ಆದದ್ದಲ್ಲ. ಎವರಾಲ್ಡೊ ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯ ತಪಾಸಣಾಧಿಕಾರಿಯಾಗಿದ್ದವನು. ರಿಯೊ ನಗರದ ಉತ್ತರದ ಸಂತೆಗಳಲ್ಲಿ ಅವನ ಹೆಜ್ಜೆ ಕೇಳಿದರೆ ಮೀನು ಮಾರುವವರು ತಕ್ಕಡಿ ಒರೆಸಲು ಶುರುಮಾಡುತ್ತಿದ್ದರು. "ಕೊಳೆಗೂ ತೂಕ ಇದೆ ಕಣಮ್ಮಾ" ಎನ್ನುವುದು ಅವನ ಮೂವತ್ತೊಂದು ವರ್ಷದ ಭಾಷಣದ ಸಾರಾಂಶ. ಬ್ಲೀಚಿನ ಬಾಟಲಿಯ ಮೇಲೆ ಲೀಟರಿಗೆ ಎರಡು ಮುಚ್ಚಳ, ಇಪ್ಪತ್ತು ನಿಮಿಷ ಎಂದಿತ್ತು. ಅವನು ಮುಚ್ಚಳವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಳೆದ. ಗಡಿಯಾರ ನೋಡಿದ. (ಅದರ ಕೆಳಗೆ ಸಣ್ಣಕ್ಷರದಲ್ಲಿ 'ಬಿಳಿ ಬಟ್ಟೆಗೆ ಮಾತ್ರ' ಎಂದೂ ಇತ್ತು. ಕನ್ನಡಕ ಊಟದ ಮೇಜಿನ ಮೇಲಿತ್ತು.)

ಹಿಂದಿನ ದಿನ ಅವಳ ಕುಸ್ತಿ ತರಗತಿಯ ಮೇಷ್ಟ್ರು ಜೆರ್ಸನ್ ಫೋನು ಮಾಡಿದ್ದರು. "ಯಜಮಾನ್ರೇ, ನಾಳೆ ಏಳು ಗಂಟೆಗೆ ಜುರೆಮಾ ಅಕ್ಕನ ಪಟ್ಟೀನ ನಮ್ಮ ಗೋಡೆಗೆ ಹಾಕ್ತೀವಿ. ಅದು ಹೇಗಿದೆಯೋ ಹಾಗೇ ತನ್ನಿ." ಹೇಗಿದೆಯೋ ಹಾಗೆ! ಪಟ್ಟಿ ಬಿರುಸಾಗಿ, ಬೆವರಿನ ವಾಸನೆ ಹೊಡೆಯುತ್ತಿತ್ತು. ಹತ್ತು ಜನ ನೋಡುವ ಗೋಡೆಯ ಮೇಲೆ ಹೆಂಡತಿಯ ಕೊಳೆ ನೇತುಹಾಕಲು ಯಾವ ಗಂಡನಿಗೆ ಮನಸ್ಸು ಬರುತ್ತದೆ?

ಅಷ್ಟರಲ್ಲಿ ಅವರೆಕಾಳಿನಷ್ಟು ದಪ್ಪದ ಕಪ್ಪು ಕಾಳು ಬೇಯಿಸಿದ ಪಾತ್ರೆ ಹಿಡಿದು ನಾದಿನಿ ದಾಲ್ವಾ ಮೇಲಿನ ಮನೆಯಿಂದ ಇಳಿದು ಬಂದಳು. ಅಕ್ಕ ಬೇಕರಿಯ ಸಾಲಿನಲ್ಲಿ ಕುಸಿದು ತೀರಿಹೋದ ಮೇಲೆ ತೊಂಬತ್ತೊಂದು ದಿನದಿಂದ ಅವಳು ಹೀಗೆ ಪಾತ್ರೆ ಇಳಿಸುತ್ತಿದ್ದಳು, ಬಹುಪಾಲು ಹಾಗೆಯೇ ಮೇಲಕ್ಕೆ ಒಯ್ಯುತ್ತಿದ್ದಳು.

"ಏನ್ ಭಾವ ಅದು ಕೈಲಿ? ಬ್ಯಾಂಡೇಜಾ?"

"ನಿಮ್ಮಕ್ಕನ ಪಟ್ಟಿ."

ದಾಲ್ವಾ ಪಾತ್ರೆಯನ್ನು ತೊಟ್ಟಿಯ ಅಂಚಿಗೆ ಕುಕ್ಕಿದಳು. "ಅಯ್ಯೋ ನಿನ್ನ! ಬಿಳೀದ್ರಿಂದ ನೀಲಿಗೆ ಬರೋಕೆ ಅವಳಿಗೆ ಎಷ್ಟು ವರ್ಷ ಹಿಡೀತು ಗೊತ್ತಾ? ಎರಡೂವರೆ! ನೀಲಿ ಸಿಕ್ಕಿದ ದಿನ ಕೇಕ್ ತಂದಿದ್ಲು."

"ಗೊತ್ತು. ನಾನೂ ತಿಂದೆ."

"ತಿಂದೆ. ಏನಕ್ಕೆ ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಯಾರದೋ ಹುಟ್ಟುಹಬ್ಬ ಎಂದುಕೊಂಡಿದ್ದ.

"ನಾಲ್ಕು ವರ್ಷ ಕರೆದ್ಲು ನಿನ್ನ. ಒಂದಿನ ಬಾ, ಮೂಲೇಲಿ ಕೂತ್ಕೊಂಡು ನೋಡು ಅಂತ. ಮೊಣಕಾಲಂತೆ, ಮೆಟ್ಟಿಲಂತೆ, ಫುಟ್‌ಬಾಲಂತೆ!"

"ಐವತ್ತೈದನೇ ವಯಸ್ಸಲ್ಲಿ ಹೆಂಗಸು ಕುಸ್ತಿಗೆ ಯಾಕೆ ಹೋಗ್ಬೇಕು, ಅದು ನನಗೆ ಇವತ್ತಿಗೂ..."

"ಯಾಕೆ ಅಂತ ನಂಗೆ ಹೇಳಿದ್ಲು," ಎಂದಳು ದಾಲ್ವಾ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು. ಆದರೆ ಅವನು ನೋಡುತ್ತಲೇ ನಿಂತ, ಅವಳು ಹೇಳಲೇಬೇಕಾಯಿತು. "ನಿನ್ನ ಕೆಳಗಿಂದ ಹೊರಗೆ ಬರೋದು ಹೇಗೆ ಅಂತ ಕಲಿಯೋಕೆ ಭಾವ. ರಾತ್ರಿ ನಿದ್ದೇಲಿ ಕೈ ಕಾಲು ಎಲ್ಲಾ ಅವಳ ಮೇಲೆ ಹಾಕಿ ಮಲಗ್ತಿದ್ಯಲ್ಲ. ಉಸಿರಾಡೋಕೆ ಜಾಗ ಬೇಕು ಅಂದ್ಲು."

ಎವರಾಲ್ಡೊ ಪಟ್ಟಿಯನ್ನು ಹಿಂಡಿದ. ಮತ್ತೆ ಹಿಂಡಿದ. ನೀರು ಬರುವುದು ನಿಂತ ಮೇಲೂ ಹಿಂಡಿದ. ನಂತರ ಅದನ್ನು ಇಸ್ತ್ರಿ ಹಾಕಿ ಒಣಗಿಸಿ, ಮಡಚಿ, ಕಾಗದದಲ್ಲಿ ಸುತ್ತಿಕೊಂಡು ಆರು ನಲವತ್ತೊಂದಕ್ಕೆ ಮನೆ ಬಿಟ್ಟ. ಪಟ್ಟಿಯ ವಿಷಯಕ್ಕೆ ಬೈಸಿಕೊಳ್ಳಲು ಅವನು ಸಿದ್ಧನಿದ್ದ. ಅವನನ್ನು ಹೊರಡಿಸಿದ್ದು ಒಂದೇ ಪ್ರಶ್ನೆ: ಮೂವತ್ತನಾಲ್ಕು ವರ್ಷ ಪಕ್ಕದಲ್ಲಿ ಮಲಗಿದವಳು ನನ್ನಿಂದ ತಪ್ಪಿಸಿಕೊಳ್ಳಲು ನೋಡುತ್ತಿದ್ದಳೇ?

ತರಗತಿ ಇದ್ದದ್ದು ಒಲಾರಿಯಾ ರೈಲು ನಿಲ್ದಾಣದ ಹಿಂದೆ, ಔಷಧಿ ಅಂಗಡಿಯ ಮಹಡಿಯಲ್ಲಿ. ಮೆಟ್ಟಿಲು ಇಪ್ಪತ್ತೆರಡು. ನಾಲ್ಕು ವರ್ಷ ಅವನು ಹತ್ತಲಾಗದ ಮೆಟ್ಟಿಲು ಮೂವತ್ತು ಸೆಕೆಂಡಿನಲ್ಲಿ ಮುಗಿದುಹೋಯಿತು.

ಹಾಸಿನ ಮೇಲೆ ಹದಿನಾಲ್ಕು ಜನ ಪಟ್ಟಿಯ ಬಣ್ಣದ ಪ್ರಕಾರ ಸಾಲಾಗಿ ನಿಂತಿದ್ದರು. ಗೋಡೆಯಲ್ಲಿ ಹೊಸ ಮೊಳೆ ಹೊಡೆದಿತ್ತು. ಮೇಷ್ಟ್ರು ಜೆರ್ಸನ್ ಎರಡು ಕೈ ಚಾಚಿ ಪೊಟ್ಟಣ ಇಸಿದುಕೊಂಡರು, ಕಣ್ಣಿಗೊತ್ತಿಕೊಳ್ಳುವವರಂತೆ ಬಿಚ್ಚಿದರು. ಆಮೇಲೆ ಮೂಸಿ ನೋಡಿದರು.

"ಇದನ್ನ... ಒಗೆದ್ರಾ?"

ಸಾಲಿನಲ್ಲಿ ಯಾರೋ "ಅಯ್ಯೋ ದೇವರೇ" ಎಂದು ಶಿಲುಬೆಯ ಗುರುತು ಹಾಕಿಕೊಂಡರು. ಜುರೆಮಾಳ ಜೊತೆಗಾತಿ, ನಗರದ ಬಸ್ಸು ಓಡಿಸುವ ಇರಾಸಿ, ಹಣೆ ಚಚ್ಚಿಕೊಂಡಳು. "ಯಜಮಾನ್ರೇ, ಬಟ್ಟೆ ಒಗೀಬಹುದು, ಮೈ ತೊಳ್ಕೋಬಹುದು, ಪಟ್ಟಿ ಒಗೀತಾರಾ ಯಾರಾದ್ರೂ? ಕಲ್ತಿದ್ದೆಲ್ಲಾ ಅದ್ರಲ್ಲೇ ಇರೋದು!"

"ಲೀಟರಿಗೆ ಎರಡು ಮುಚ್ಚಳ ಮಾತ್ರ," ಎಂದ ಎವರಾಲ್ಡೊ. "ಇಪ್ಪತ್ತು ನಿಮಿಷ."

"ಅಳತೆ ಸರಿಯಾಗೇ ಇದೆ ಬಿಡಿ," ಎಂದಳು ಇರಾಸಿ. "ಆಯಮ್ಮ ನಿಮ್ಮ ಬಗ್ಗೆ ಹೇಳ್ತಿದ್ದಿದ್ದು ಸುಳ್ಳಲ್ಲ."

ಮೇಷ್ಟ್ರು ಪಟ್ಟಿಯನ್ನು ದೀಪಕ್ಕೆ ಹಿಡಿದು ನೋಡಿದರು. ಸತ್ತವರ ಪದವಿ ಇಳಿಸಿದ ಪ್ರಸಂಗ ಅವರ ಮೂವತ್ತು ವರ್ಷದ ಅನುಭವದಲ್ಲಿ ಇದೇ ಮೊದಲು. ಅವರಿಗೆ ಸಿಟ್ಟು ಬಂದಿತ್ತೋ ಅಳು ಬಂದಿತ್ತೋ, ಮುಖ ಎರಡಕ್ಕೂ ಹೊಂದುವಂತಿತ್ತು.

"ಇದು ಗೋಡೆಗೆ ಆಗಲ್ಲ," ಎಂದರು. "ಈಗ ಇದು ಬಿಳಿ ಪಟ್ಟಿ. ಬಿಳಿ ಪಟ್ಟಿ ಏನೂ ಗೊತ್ತಿಲ್ಲದವರ ಸೊಂಟಕ್ಕೆ. ಬೆವರು ತೆಗೆದವರು ಬೆವರು ವಾಪಸ್ ಹಾಕ್ಬೇಕು. ಇರಾಸಿ, ಇವರಿಗೊಂದು ಅಭ್ಯಾಸದ ಬಟ್ಟೆ ಕೊಡಮ್ಮ."

"ನಾನಾ? ನಂಗೆ ಅರವತ್ತಮೂರು! ಮೊಣಕಾಲು..."

"ಮೊಣಕಾಲಿನ ವಿಷಯ ನಮಗೆಲ್ಲ ಗೊತ್ತು," ಎಂದಳು ಇರಾಸಿ. "ನಾಲ್ಕು ವರ್ಷದಿಂದ ಕೇಳಿದೀವಿ. ತೂಕ ಎಷ್ಟು ಹೇಳಿ, ಅಂಗಿ ಹುಡುಕೋಣ."

"ತೊಂಬತ್ತೆರಡು," ಎಂದ ಎವರಾಲ್ಡೊ.

ಅದು ಅವನು ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದ ಅಂಕಿ. ಡಾಕ್ಟರಿಗೆ ಅದೇ, ದರ್ಜಿಗೆ ಅದೇ, ಹೆಂಡತಿಗೂ ಅದೇ. ಊರಿನ ತಕ್ಕಡಿಗಳನ್ನೆಲ್ಲ ನೇರಮಾಡಿದ ಮನುಷ್ಯ ತನ್ನ ವಿಷಯದಲ್ಲಿ ಮಾತ್ರ ತೂಕದ ಯಂತ್ರವನ್ನು ನಂಬುತ್ತಿರಲಿಲ್ಲ. ಇರಾಸಿ ತುಟಿ ಕಚ್ಚಿ ನಗು ತಡೆದಳು. ಬಾಗಿಲ ಪಕ್ಕದ ಯಂತ್ರ ತೋರಿಸಿ, "ಹತ್ತಿ, ಹತ್ತಿ, ನೋಡೇಬಿಡೋಣ!" ಎಂದಳು.

ಹತ್ತಿದ. ಮುಳ್ಳು ಅಲ್ಲಾಡಿ ನಿಂತಿತು. ತೊಂಬತ್ತೆರಡು.

ಎವರಾಲ್ಡೊ ಕೆಳಗಿಳಿದು ಸೊನ್ನೆ ಸರಿಯಿದೆಯೇ ನೋಡಿದ. ಸರಿಯಿತ್ತು. ಮತ್ತೆ ಹತ್ತಿದ. ಅಷ್ಟು ವರ್ಷದ ಸುಳ್ಳು ತೊಂಬತ್ತೊಂದು ದಿನದಲ್ಲಿ ನಿಜವಾಗಿತ್ತು. ಇರಾಸಿಯ ನಗು ಎಲ್ಲಿಗೆ ಹೋಯಿತೋ, ಅವಳು ಒಂದು ಅಂಗಿ ಆರಿಸಿ ಕೊಟ್ಟಳು. ಮೇಷ್ಟ್ರು ಅವನ ಸೊಂಟಕ್ಕೆ ಜುರೆಮಾಳ ಪಟ್ಟಿಯನ್ನು ತಾವೇ ಕಟ್ಟಿದರು. ಎರಡು ಸುತ್ತಿಗೆ ಸಾಲದೆ ಒಂದೇ ಸುತ್ತಿನಲ್ಲಿ ಗಂಟು ಬಿತ್ತು.

"ಮೊದಲನೇ ಪಾಠ, ಕೆಳಗೆ ಬಿದ್ದಿರೋದು," ಎಂದು ಮೇಷ್ಟ್ರು ಕೂಗಿದರು. "ಯಾರಲ್ಲಿ, ಎವರಾಲ್ಡೊನ ಎಳ್ಕೊಂಡು ಬನ್ನಿ!"

"ಎಳೆಯೋದು ಬೇಡ, ಬರ್ತೀನಿ," ಎಂದು ಎವರಾಲ್ಡೊ ಎರಡು ಹೆಜ್ಜೆ ಮುಂದೆ ಬಂದ.

ಆದರೆ ಮೂಲೆಯಿಂದ ಮೂರು ಜನ ಗಂಡಸರು ಉಸ್ಸೆನ್ನುತ್ತ ಒಂದು ಮರಳು ತುಂಬಿದ ಗೊಂಬೆಯನ್ನು ಕಾಲು ಹಿಡಿದು ಎಳೆದು ತಂದರು. ಅದಕ್ಕೆ ತಲೆಯಿತ್ತು, ಅಗಲವಾದ ಎದೆಯಿತ್ತು, ಘನವಾದ ಹೊಟ್ಟೆಯಿತ್ತು. ಎದೆಯ ಮೇಲೆ ಕೆಂಪು ದಾರದಲ್ಲಿ 'ಎವರಾಲ್ಡೊ' ಎಂದು ಹೊಲಿದಿತ್ತು. ಜುರೆಮಾಳ ಹೊಲಿಗೆ. ಇಡೀ ತರಗತಿ ಒಮ್ಮೆ ನಕ್ಕಿತು, ನಂತರ ನಕ್ಕಿದ್ದಕ್ಕೆ ನಾಚಿಕೊಂಡಿತು.

ಅವನು ನೋಡುತ್ತಿದ್ದದ್ದು ಹೆಸರನ್ನಲ್ಲ, ಗೊಂಬೆಯ ಕಾಲನ್ನು. ಅದು ಮೂರು ವರ್ಷದ ಹಿಂದೆ ಕಳೆದುಹೋದ ಅವನ ಕಂದು ಪ್ಯಾಂಟು. ಬೀಗದ ಕೈ ತಗುಲಿ ಸವೆದ ಎಡ ಜೇಬು ಹಾಗೆಯೇ ಇತ್ತು. ಅದಕ್ಕಾಗಿ ಅವನು ಪಕ್ಕದ ಮನೆಯವರ ಮೇಲೆ ಅನುಮಾನಪಟ್ಟಿದ್ದ. ಎರಡು ದಿನ ಮನೆಯೆಲ್ಲ ಹುಡುಕಿದ್ದ. ಜುರೆಮಾಳೂ ಮಂಚದ ಕೆಳಗೆ ಬಗ್ಗಿ ಬಗ್ಗಿ ಹುಡುಕಿದ್ದಳು!

ಅವನನ್ನು ಅಂಗಾತ ಮಲಗಿಸಿ ಗೊಂಬೆಯನ್ನು ಎದೆಯ ಮೇಲೆ ಅಡ್ಡಲಾಗಿ ಉರುಳಿಸಿದರು. ಈ ಹಿಡಿತಕ್ಕೆ ಅವರಲ್ಲಿ ಹೆಸರೇ 'ನೂರು ಕಿಲೋ'. ಎವರಾಲ್ಡೊನ ಶ್ವಾಸಕೋಶದಲ್ಲಿದ್ದ ಗಾಳಿ ಒಂದೇ ಸಲಕ್ಕೆ ಹೊರಗೆ ಹೋಯಿತು. ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಎವರಾಲ್ಡೊನ ಕೆಳಗಿದ್ದ.

"ಆಗದಿದ್ರೆ ಮೂರು ಸಲ ತಟ್ಟಿ, ಬಿಡ್ತಾರೆ," ಎಂದಳು ಇರಾಸಿ.

ಅವನು ತಟ್ಟಿದ. ಆದರೆ ತಟ್ಟಿದ್ದು ಗೊಂಬೆಯ ಬೆನ್ನಿಗೆ. ಮೂರು ಸಲ, ಆರು ಸಲ, ಒಂಬತ್ತು ಸಲ ತಟ್ಟಿದ. ಮರಳಿನ ಎವರಾಲ್ಡೊ ಜಗ್ಗಲಿಲ್ಲ, ಮಲಗಿದ್ದಲ್ಲೇ ಮಲಗಿತ್ತು.

"ಥೂ, ಇವನಿಗೆ ಎಚ್ಚರಾನೇ ಆಗಲ್ವಲ್ಲ," ಎಂದು ಎವರಾಲ್ಡೊ ಏದುತ್ತ ಹೇಳಿದ. ಹೇಳಿದ ಮೇಲೆ ತಾನು ಹೇಳಿದ್ದೇನು ಎಂದು ಅವನಿಗೇ ಕೇಳಿಸಿತು.

ಇಬ್ಬರು ಗೊಂಬೆಯನ್ನು ಎತ್ತಲು ಬಂದರು. ಅವನು ಕೈ ಎತ್ತಿ ತಡೆದ. ಎದೆ ಹೊಟ್ಟೆಯೆಲ್ಲ ಗೊಂಬೆಯ ಅಡಿಯಲ್ಲಿ ಮುಚ್ಚಿಹೋದ ಸ್ಥಿತಿಯಲ್ಲಿ, ಛಾವಣಿ ನೋಡುತ್ತ ಕೇಳಿದ:

"ಮೇಷ್ಟ್ರೇ, ನಿಜ ಹೇಳಿ. ಅವಳು ಇಲ್ಲಿಗೆ ಬರ್ತಿದ್ದಿದ್ದು ನನ್ನಿಂದ ತಪ್ಪಿಸಿಕೊಳ್ಳೋಕಾ?"

ಮೇಷ್ಟ್ರು ಅವನ ತಲೆಯ ಬಳಿ ಮಂಡಿಯೂರಿ ಕುಳಿತರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಹೌದು ಯಜಮಾನ್ರೇ. ಮೊದಲನೇ ದಿನ ಅದನ್ನೇ ಕೇಳಿದ್ರು. ಮೂರನೇ ವಾರಕ್ಕೆ ಕಲ್ತೂ ಬಿಟ್ರು. ಸೊಂಟ ಎತ್ತಿ, ಪಕ್ಕಕ್ಕೆ ಜಾರಿ, ಮೊಣಕಾಲು ಒಳಗೆ. ಒಳ್ಳೇ ಕೈ ಆಯಮ್ಮಂದು."

"ಮನೇಲಿ ಮಾಡಿ ನೋಡಿದ್ಲಾ?"

"ಒಂದೇ ಒಂದು ಸಲ."

ಎವರಾಲ್ಡೊಗೆ ಆ ರಾತ್ರಿ ನೆನಪಿಗೆ ಬಂತು. ಮಂಚ ನಡುಗಿದಂತಾಗಿ, ತಾನು ಅಂಚಿಗೆ ಉರುಳಿ, ಭೂಕಂಪ ಎಂದುಕೊಂಡು ಎದ್ದು ಕುಳಿತಿದ್ದ. (ರಿಯೊದಲ್ಲಿ ಭೂಕಂಪ! ಮರುದಿನ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಹುಡುಕಿದ್ದ.) ಅವತ್ತು ಕ್ಷಮಿಸು ಎಂದು ಗೊಣಗಿ ಬೆಳಗಿನ ತನಕ ಅಂಚಿನಲ್ಲೇ ಮಲಗಿದ್ದ.

"ನಾವೆಲ್ಲ ಕೇಳಿದ್ವಿ, 'ಅಕ್ಕಾ, ಪಟ್ಟು ಕೆಲಸ ಮಾಡ್ತಾ' ಅಂತ," ಎಂದಳು ಇರಾಸಿ. "'ಮಾಡ್ತು ಕಣೇ, ಆದ್ರೆ ಪಾಪ ಅಂಚಿಗೆ ಹೋಗಿ ಮುದುರಿಕೊಂಡ, ನಂಗೂ ರಾತ್ರಿ ಪೂರ್ತಿ ನಿದ್ದೆ ಬರಲಿಲ್ಲ, ಮೈಯೆಲ್ಲಾ ಹಗುರ ಹಗುರ, ಹಾರಿಹೋಗೋ ಹಾಗಾಯ್ತು' ಅಂದ್ರು. ಆಮೇಲೆ ಮಾಡ್ಲೇ ಇಲ್ಲ."

"ಹಾಗಾದ್ರೆ ಮತ್ತೆ ನಾಲ್ಕು ವರ್ಷ ಯಾಕೆ ಬಂದ್ಲು?"

"ನಮ್ಮನ್ನೆಲ್ಲ ಬಡಿಯೋಕೆ!" ಎಂದಳು ಇರಾಸಿ. "ಎಲ್ಲಾ ನಿಮ್ಮಿಂದಾನೇ ಅಂತ ಯಾಕೆ ಅಂದ್ಕೊಳ್ತೀರ ಯಜಮಾನ್ರೇ? ಆಯಮ್ಮನಿಗೆ ಇದು ಇಷ್ಟ ಇತ್ತು, ಅಷ್ಟೇ."

ಎವರಾಲ್ಡೊ ಗೊಂಬೆಯ ಕೆಳಗೇ ಮಲಗಿದ್ದ. ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು. ಬೆವರಲ್ಲದ್ದೂ ಸ್ವಲ್ಪ ಇಳಿಯುತ್ತಿತ್ತು. ಪಟ್ಟಿಗೆ ಎರಡೂ ಒಂದೇ.

"ಇದರ ತೂಕ ಜಾಸ್ತಿ ಆಯ್ತು ಮೇಷ್ಟ್ರೇ," ಎಂದ. ಮೂವತ್ತೊಂದು ವರ್ಷದ ಅಭ್ಯಾಸ ಎದೆಯ ಮೇಲೆ ಮರಳು ಬಿದ್ದರೂ ಹೋಗುವುದಿಲ್ಲ. "ನೂರಕ್ಕಿಂತ ಹೆಚ್ಚಿದೆ."

"ನಾನೂ ಅದನ್ನೇ ಹೇಳಿದ್ದೆ," ಎಂದರು ಮೇಷ್ಟ್ರು. "ಮರಳು ತುಂಬಿಸೋ ದಿನ, ಅಕ್ಕಾ, ಅಭ್ಯಾಸಕ್ಕೆ ಅರವತ್ತು ಕಿಲೋ ಸಾಕು ಅಂದೆ. ಒಪ್ಪಲಿಲ್ಲ. ಕೈಚೀಲದಿಂದ ಒಂದು ಹಳೇ ಚೀಟಿ ತೆಗೆದ್ರು. ಹಳದಿ ಬಣ್ಣದ್ದು, ನಾಲ್ಕು ಮಡಿಕೆ."

ಎವರಾಲ್ಡೊ ಕಣ್ಣು ಮುಚ್ಚಿದ. ಹಳದಿ ಬಣ್ಣದ, ನಾಲ್ಕು ಮಡಿಕೆಯ ಚೀಟಿ ಭೂಮಿಯ ಮೇಲೆ ಒಂದೇ ಇತ್ತು. ಇಲಾಖೆಯ ವೈದ್ಯಕೀಯ ತಪಾಸಣೆಯಲ್ಲಿ ಅವನ ತೂಕ ಬರೆದು ಕೊಟ್ಟದ್ದು. ಅದನ್ನು ಅವನು ಮನೆಯಲ್ಲಿದ್ದ ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆಯಲ್ಲಿ, ಮಕಮಲ್ಲಿನ ಅಡಿಯಲ್ಲಿ ಬಚ್ಚಿಟ್ಟಿದ್ದ. ಬಚ್ಚಿಟ್ಟು ಮನೆಗೆ ಬಂದವರೆದುರೆಲ್ಲ ತೊಂಬತ್ತೆರಡು ಎಂದಿದ್ದ. ಜುರೆಮಾ ಪಕ್ಕದಲ್ಲಿ ಕಾಫಿ ಬಗ್ಗಿಸುತ್ತ, ಹೌದು, ತೊಂಬತ್ತೆರಡು, ಎಂದು ತಲೆಯಾಡಿಸಿದ್ದಳು.

"ಚೀಟಿ ನೋಡ್ಕೊಂಡು ಮರಳಿನಂಗಡಿಯವನಿಗೆ ಹೇಳಿದ್ರು," ಎಂದರು ಮೇಷ್ಟ್ರು. "ಒಂದು ಗ್ರಾಂ ಕಡಿಮೆ ಆದ್ರೂ ನಂಗೆ ಬೇಡ, ಅದು ನಮ್ಮನೆಯವರು ಅನ್ಸಲ್ಲ ಅಂದ್ರು. ಅವನು ಎಷ್ಟಮ್ಮಾ ಬೇಕು ಅಂತ ಕೇಳ್ದ. ಇಡೀ ಬೀದಿಗೆ ಕೇಳೋ ಹಾಗೆ ಹೇಳಿದ್ರು: 'ನೂರಾ ಆರು ಕಿಲೋ ಇನ್ನೂರು ಗ್ರಾಂ.'"