ಪೊದೆಪೊದೆಗೂ ರೇಷ್ಮೆ

ಬೆಳಿಗ್ಗೆ ಸೂಜಿಗೆ ದಾರ ಪೋಣಿಸುವ ಮುನ್ನ ಅವಳು ಕಣ್ಣು ಮುಚ್ಚಿ, "ದೇವರೇ, ಇವತ್ತು ನನ್ನ ನಾಲಿಗೆ ಹಿಡಿತದಲ್ಲಿರಲಿ" ಎಂದು ಬೇಡಿಕೊಳ್ಳುತ್ತಿದ್ದಳು. ಒಂದು ದಿನವೂ ತಪ್ಪಿಸಿದವಳಲ್ಲ. ಇಷ್ಟು ವರ್ಷ ಕಿವಿಗೊಡದ ದೇವರು ಆ ಭಾನುವಾರವೇ ಅದನ್ನು ನಡೆಸಿಕೊಡಬೇಕೇ?

ಗಂಡ ಬಸ್ ಡ್ರೈವರ್. ರಜೆಯೆಂದು ಬೆಟ್ಟ ಹತ್ತಲು ಅವಳನ್ನೂ ಹೊರಡಿಸಿದ್ದ. ಅವಳು ಬಟ್ಟೆ ಹೊಲಿಯುವವಳು. ಡಾಕ್ಟರಮ್ಮನ ನೀಲಿ ರೇಷ್ಮೆ ಗೌನನ್ನು ಮರುದಿನವೇ ಕೊಡಬೇಕಿತ್ತು. ತೋಳು ಇನ್ನೂ ಕೂಡಿಸಿರಲಿಲ್ಲ. ಕೂತಲ್ಲಿ ಹೊಲಿಯೋಣವೆಂದು ಎಲ್ಲವನ್ನೂ ಚೀಲಕ್ಕೆ ತುರುಕಿಕೊಂಡು ಬಂದಿದ್ದಳು.

ಬುಡ ಸೇರುತ್ತಲೇ ಅವನು ಕಾಲುದಾರಿ ಬಿಟ್ಟು ಪೊದೆಯತ್ತ ನುಗ್ಗಿದ.

"ರೀ, ದಾರಿ ಈ ಕಡೆ ಇದೆ."

"ವಾರವೆಲ್ಲ ಒಂದೇ ರೂಟಲ್ಲಿ ಬಸ್ಸು ಓಡಿಸ್ತೀನಿ. ರಜೆ ದಿನವೂ ರೂಟೇನೇ? ಸುಮ್ನೆ ಬಾ."

"ಸುಮ್ನೆ ತಾನೇ? ಆಯ್ತು. ಕೆಳಗೆ ಇಳಿಯೋವರೆಗೂ ನನ್ನ ಬಾಯಿಂದ ಒಂದು ಮಾತು ಬಂದ್ರೆ ಕೇಳಿ."

"ಹಾಗಾದ್ರೆ ಬೆಟ್ಟಕ್ಕೆ ಬಂದಿದ್ದೂ ಸಾರ್ಥಕ" ಎಂದು ಅವಳ ಚೀಲವನ್ನೂ ತಾನೇ ಹೆಗಲಿಗೇರಿಸಿಕೊಂಡ.

ಅವನು ಮುಂದೆ, ಅವಳು ಕೂಗಳತೆಯಷ್ಟು ಹಿಂದೆ. ಮುಳ್ಳು ಬಟ್ಟೆ ಎಳೆಯಿತು, ಕಲ್ಲು ಚಪ್ಪಲಿಯೊಳಗೆ ಸೇರಿತು. ಬಾಯಿ ತೆರೆಯಲಿಲ್ಲ, ಒಳಗೊಳಗೇ ಕುದಿದಳು. ಅಷ್ಟರಲ್ಲಿ ಪೊದೆಯೊಂದರ ಕೊಂಬೆಗೆ ಕಟ್ಟಿದ ನೀಲಿ ಪಟ್ಟಿ ಕಂಡಿತು. ಬೆರಳು ತಾಗಿದ್ದೇ ತಡ, ಗುರುತು ಸಿಕ್ಕಿತು. ಡಾಕ್ಟರಮ್ಮನ ತೋಳು!

ಸಿಟ್ಟು ನೆತ್ತಿಗೇರಿತು. ಆದರೆ ಕೂಗಿದರೆ ಸೋತಂತೆ. ಹಲ್ಲು ಕಚ್ಚಿ ಗಂಟು ಬಿಚ್ಚಿದಳು. ಮುಂದಿನ ಗಿಡಕ್ಕೆ ಇನ್ನೊಂದು. ಅದನ್ನೂ ಬಿಚ್ಚಿದಳು. ಪಟ್ಟಿಗೊಬ್ಬರಂತೆ ಗಂಡನ ವಂಶವನ್ನು ಮನಸ್ಸಿನಲ್ಲೇ ಜಾಲಾಡುತ್ತ ಹತ್ತಿ, ಅವನ ಮುತ್ತಜ್ಜನ ಸರದಿ ಬರುವಾಗ ಬಂಡೆ ತಲುಪಿದಳು.

ಬಂಡೆಯ ಮೇಲೆ ಅವನು ದಂಡಯಾತ್ರೆ ಗೆದ್ದ ಸೇನಾಪತಿಯಂತೆ ನಿಂತಿದ್ದ.

"ಮುಖ ಯಾಕೆ ಹಾಗಿದೆ? ದಾರಿ ತಪ್ಪುತ್ತೆ ಅಂತ ಭಯಾನಾ? ನಾನೇನು ದಡ್ಡನಾ? ನಿನ್ನ ಚೀಲದಲ್ಲಿದ್ದ ಚಿಂದಿ ಹರಿದು ಉದ್ದಕ್ಕೂ ಗುರುತು ಕಟ್ಟಿದ್ದೀನಿ. ಕಣ್ಣು ಮುಚ್ಕೊಂಡು ಇಳೀಬಹುದು."

ಅವಳು ನೀಲಿ ಪಟ್ಟಿಗಳ ಉಂಡೆಯನ್ನು ಅವನ ಅಂಗೈಯಲ್ಲಿಟ್ಟು, ತನ್ನ ಚೀಲ ಕಿತ್ತುಕೊಂಡಳು.

ಅವನು ಉಂಡೆ ನೋಡಿದ. ಕೆಳಗೆ ಎತ್ತ ತಿರುಗಿದರೂ ಒಂದೇ ಥರ ಕಾಣುವ ಪೊದೆಗಳನ್ನು ನೋಡಿದ.

"ಎಲ್ಲಾನೂ ಬಿಚ್ಚಿದೆಯಾ?"

"ಒಂದೂ ಬಿಡದೆ." ಮೌನ ಮುರಿಯಿತು.

"ಬಿಚ್ಚೋ ಮುಂಚೆ ಒಂದು ಮಾತು ಹೇಳಬಾರದಿತ್ತೇನೇ?"

"ಹರಿಯೋ ಮುಂಚೆ ಒಂದು ಮಾತು ಕೇಳಬಾರದಿತ್ತೇನ್ರೀ? ಚಿಂದಿಯಂತೆ, ಚಿಂದಿ. ಅದು ಗೌನಿನ ತೋಳು. ನಾಳೆ ಡಾಕ್ಟರಮ್ಮನಿಗೆ ಏನಂತ ಹೇಳ್ಲಿ?"

ಜಾರಿ, ಬಿದ್ದು, ಒಬ್ಬರನ್ನೊಬ್ಬರು ಬೈದುಕೊಂಡು ಬೆಟ್ಟದ ಇನ್ಯಾವುದೋ ಮಗ್ಗುಲಿನ ರಸ್ತೆಗೆ ಇಳಿಯುವಾಗ ಸಂಜೆಯಾಗಿತ್ತು. ತೋಳಿಲ್ಲದ ಗೌನೇ ಈಗಿನ ಫ್ಯಾಷನ್ ಎಂದು ಡಾಕ್ಟರಮ್ಮನನ್ನು ಹೇಗೆ ಒಪ್ಪಿಸುವುದೆಂದು ಅವಳು ಲೆಕ್ಕ ಹಾಕುತ್ತಿದ್ದಳು. ದಾರಿ ತಪ್ಪಿದ್ದರಲ್ಲಿ ತನ್ನ ಪಾಲೂ ಇದೆಯೆಂದು ಗೊತ್ತಿತ್ತು; ಗಂಡನೆದುರು ಒಪ್ಪಿಕೊಳ್ಳುವಷ್ಟಲ್ಲ.

ಅವನು ಮೆತ್ತಗೆ ಪಕ್ಕಕ್ಕೆ ಬಂದ. "ಸುಸ್ತಾಗಿದ್ದೀಯ. ಚೀಲ ಕೊಡು, ನಾನು ಹೊತ್ಕೋತೀನಿ."

"ಬೇಡ ಬಿಡಿ" ಎಂದು ಅವಳು ಚೀಲವನ್ನು ಎದೆಗವುಚಿಕೊಂಡಳು. "ಇದರಲ್ಲಿ ಇನ್ನೂ ಗೌನು ಉಳಿದಿದೆ."